ಬಿಡದ ಕ್ಲಚ್ಚು

ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವೆ, 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ, ಮಂಕಿ ಎಂಬ ಊರಿದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಸೀಮೆಯದು. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರು ಕಳೆಯುವವರೆಗೆ ಪೂರ್ಣವಾಗಿ ಬಿಡುವುದಿಲ್ಲ. ಆ ದಿನಗಳಲ್ಲಿ ಚಿರೆಕಲ್ಲಿನ ಸಾಗಾಟ ತಗ್ಗುತ್ತದೆ. ಯಂತ್ರದ ದೋಣಿಗಳ ಮೀನುಗಾರಿಕೆಯೂ ಜೂನ್ ಜುಲೈ ತಿಂಗಳುಗಳಲ್ಲಿ ನಿಷಿದ್ಧ. ಕೆಲಸವಿಲ್ಲದ ಲಾರಿ ಮನೆಯ ಹಿಂದಣ ಕೊಟ್ಟಿಗೆ ಸೇರುತ್ತದೆ. ಹಳೆಯ ಲಾರಿಯೊಂದನ್ನು ಕೊಂಡು, ಬಿಡುವಾದಾಗಲೆಲ್ಲ ಒಂದಿಷ್ಟು ದುರಸ್ತಿ ಮಾಡುತ್ತಿರುವ ಉತ್ಸಾಹಿಯ ಗಾಡಿಯಂತೂ ವರ್ಷಗಟ್ಟಲೆ ಅಲ್ಲಿಯೇ ನಿಲ್ಲುವುದುಂಟು. ಆಯುಧಪೂಜೆಗೆಂದು ಅದನ್ನು ಹೊರತೆಗೆಯಲು ಹೋದಾಗ ಎಂಜಿನ್ನು ಸುಸೂತ್ರವಾಗಿ ಹೊರಡುತ್ತದೆ. ಕ್ಲಚ್ಚನ್ನು ತುಳಿದು ಗೇರು ಹಾಕಿದರೆ ಹಲ್ಲು ಹಲ್ಲು ಕಡಿಯುವ ಸದ್ದು ಕೇಳುತ್ತದೆಯೇ ಹೊರತು ಗೇರು ಬೀಳುವುದಿಲ್ಲ. ಎಂಜಿನ್ನನ್ನು ನಿಲ್ಲಿಸಿದರೆ ಅದೇ ಗೇರು ಸಲೀಸಾಗಿ ಬೀಳುತ್ತದೆ.

ಇಂಥ ಸಮಯದಲ್ಲಿ ನೆರೆದವರಲ್ಲಿ ಒಬ್ಬರಾದರೂ “ಗೇರ್ ಬಾಕ್ಸು ಇಳಿಸಬೇಕು” ಎಂದು ತೀರ್ಪು ಕೊಡದೆ ಇರುವುದಿಲ್ಲ. ಲಾರಿಯ ಗೇರ್ ಬಾಕ್ಸು ಒಬ್ಬಾಳು ಎತ್ತುವ ವಸ್ತುವಲ್ಲ. ಅದನ್ನು ಇಳಿಸಿ ಏರಿಸುವುದು ಶ್ರಮದ ಕೆಲಸ, ಕೈಬೆರಳುಗಳಿಗೆ ಅಪಾಯದ ಕೆಲಸ. ದುಡ್ಡಿನ ಮಾತು ಹಾಗಿರಲಿ. ಅದು ಅನಾವಶ್ಯಕವಾಗಿದ್ದರೆ? ಇಳಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ವಿಹಿತ: ಕಾಲಿನ ಒತ್ತು ಕ್ಲಚ್ಚನ್ನು ತಲುಪುತ್ತಿಲ್ಲವೋ, ಅಥವಾ ತಲುಪಿದರೂ ಕ್ಲಚ್ಚು ಬಿಡುತ್ತಿಲ್ಲವೋ?

ಇದನ್ನು ತಿಳಿಯಲು ಕ್ಲಚ್ಚಿನ ರಚನೆಯನ್ನು ಸ್ವಲ್ಪ ನೋಡಬೇಕು. ಎಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರವಾದ ಎರಕದ ಚಕ್ರವಿದೆ. ಅದಕ್ಕೆ ಎದುರಾಗಿ ಪ್ರೆಶರ್ ಪ್ಲೇಟ್ ಎಂಬ ಇನ್ನೊಂದು ಎರಕದ ಬಿಲ್ಲೆ. ಇವೆರಡರ ನಡುವೆ, ಸ್ಪ್ರಿಂಗುಗಳ ಬಲದಿಂದ ಅದುಮಿಸಿಕೊಂಡು, ಕ್ಲಚ್ ಪ್ಲೇಟು ಕುಳಿತಿರುತ್ತದೆ. ಅದರ ಎರಡು ಮುಖಗಳಿಗೂ ಘರ್ಷಣೆಯ ಹೊದಿಕೆ ಉಂಟು. ಅದರ ನಡುಗುಂಬ ಗೇರ್ ಬಾಕ್ಸಿನ ದಂಡದ ಗೀರುಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರಬಲ್ಲದು. ಪೆಡಲನ್ನು ತುಳಿದಾಗ ಒಂದು ಫೋರ್ಕು ರಿಲೀಸ್ ಬೇರಿಂಗನ್ನು ತಳ್ಳಿ, ಸ್ಪ್ರಿಂಗುಗಳನ್ನು ಮಣಿಸಿ, ಪ್ರೆಶರ್ ಪ್ಲೇಟನ್ನು ಹಿಂದೆಳೆಯುತ್ತದೆ. ಎಷ್ಟು ದೂರ? ಒಂದೆರಡು ಮಿಲಿಮೀಟರು, ಅದೂ ಪ್ಲೇಟಿನ ಎರಡು ಮುಖಗಳಿಗೆ ಹಂಚಿಹೋಗತಕ್ಕದ್ದು. ನಮ್ಮ ಪಾದ ಒಂದು ಗೇಣು ಚಲಿಸಿದರೆ ಅಲ್ಲಿ ದೊರೆಯುವ ತೆರಪು ಒಂದು ಉಗುರಿನ ದಪ್ಪಕ್ಕಿಂತ ಹೆಚ್ಚಲ್ಲ. ದಾರಿಯಲ್ಲಿ ಎಲ್ಲಿಯಾದರೂ ಕೊಂಚ ನಷ್ಟವಾದರೂ ಕೊನೆಗೆ ಏನೂ ಉಳಿಯುವುದಿಲ್ಲ.

ಆದುದರಿಂದ ಮೊದಲು ದಾರಿಯನ್ನೇ ಪರೀಕ್ಷಿಸಬೇಕು. ಎಂಜಿನ್ನನ್ನು ನಿಲ್ಲಿಸಿ, ಗಾಲಿಗಳಿಗೆ ದಿಮ್ಮಿ ಒತ್ತಿ, ಒಬ್ಬರು ಪೆಡಲನ್ನು ತುಳಿಯಲಿ; ಇನ್ನೊಬ್ಬರು ಕೆಳಗಿನಿಂದ ಫೋರ್ಕಿನ ತುದಿಯ ಚಲನೆಯನ್ನು ಅಳೆಯಲಿ. ತಯಾರಕರು ಹೇಳಿದ ಅಳತೆಗಿಂತ ಅದು ಕಡಿಮೆಯಾದರೆ ದೋಷ ಹೊರಗೆ ಇದೆ. ಗೇರ್ ಬಾಕ್ಸಿನ ಗೊಡವೆ ಬೇಡ. ಕಂಬಿಗಳ ಮೂಲಕ ಎಳೆಯುವ ಏರ್ಪಾಡಾದರೆ ಸವೆದ ಪಿನ್ನು, ಅಗಲಗೊಂಡ ತೂತು, ಮಿತಿಮೀರಿದ ಸಡಿಲ ಇವುಗಳನ್ನು ನೋಡತಕ್ಕದ್ದು. ದ್ರವದ ಏರ್ಪಾಡಾದರೆ ಮಾಸ್ಟರ್ ಸಿಲಿಂಡರಿನ ರಬ್ಬರು, ಸೋರುವ ಸ್ಲೇವ್ ಸಿಲಿಂಡರು, ಕೊಳವೆಯಲ್ಲಿ ಸಿಕ್ಕ ಗಾಳಿ ಇವುಗಳ ಮೇಲೆ ಸಂಶಯ ಹೋಗಬೇಕು. ನಾಲ್ಕಾರು ಬಾರಿ ಬೇಗಬೇಗನೆ ತುಳಿದ ಮೇಲೆ ಗೇರು ಬೀಳುವುದಾದರೆ ಗಾಳಿಯ ಸಂಶಯ ಬಲವಾಗುತ್ತದೆ. ಸಾಮಾನ್ಯವಾಗಿ ಬಳಸುವ ಬ್ರೇಕಿನ ದ್ರವ ಹವೆಯ ತೇವವನ್ನು ಹೀರುವ ಗುಣವುಳ್ಳದ್ದು. ಮಂಕಿಯ ಒಂದು ಮಳೆಗಾಲ ಅದಕ್ಕೆ ಮಾಡುವ ಕೇಡನ್ನು ಮೈಸೂರಿನ ಒಣಹವೆಯಲ್ಲಿರುವ ನಾವು ಸುಲಭವಾಗಿ ಊಹಿಸಲಾರೆವು. ಸಿಲಿಂಡರಿನ ಒಳಗೋಡೆಯೇ ತುಕ್ಕಿನಿಂದ ಗುಳಿಬಿದ್ದಿರುತ್ತದೆ.

ಹಳೆಯ ಲಾರಿಯನ್ನು ಪುನರುಜ್ಜೀವನಗೊಳಿಸುವವರಿಗೆ ಮತ್ತೊಂದು ತೊಡಕುಂಟು. 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಲ್ಲಿ ಟಾಟಾ ಕಾರಖಾನೆ ಮಾಡಿದಂಥ ಲಾರಿಗಳಿಗೆ ಮೂಲ ಬಿಡಿಭಾಗ ಸಿಕ್ಕದಾಗ, ಗುಜರಿಯಲ್ಲಿ ದೊರೆತದ್ದನ್ನು ಹೊಂದಿಸುವುದು ರೂಢಿ. ಮುಕ್ಕಾಲು ಅಂಗುಲದ ಮಾಸ್ಟರ್ ಸಿಲಿಂಡರು ಇರಬೇಕಾದ ಕಡೆ, ಅಂಗುಲದಲ್ಲಿ ಎಂಟನೆಯ ಐದು ಪಾಲಿನದನ್ನು ಕೂಡಿಸಿದರೆಂದು ಇಟ್ಟುಕೊಳ್ಳಿ. ವ್ಯಾಸದಲ್ಲಿ ಅಂತರ ಅಲ್ಪವೆನಿಸಿದರೂ ತಳ್ಳಲ್ಪಡುವ ದ್ರವ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ಫೋರ್ಕಿನ ಚಲನೆ ನೂರಕ್ಕೆ ಮೂವತ್ತರಷ್ಟು ಕುಗ್ಗುತ್ತದೆ. ಎಲ್ಲ ಭಾಗಗಳೂ ಹೊಸತಾಗಿದ್ದು ಕ್ಲಚ್ಚು ಮಾತ್ರ ಬಿಡದಿರುವ ಸೋಜಿಗಕ್ಕೆ ಇದೊಂದು ಕಾರಣ. ಪ್ಲೇಟನ್ನು ಹಿಂದುಮುಂದಾಗಿ ಕೂಡಿಸಿರುವುದು ಮತ್ತೊಂದು.

ಫೋರ್ಕು ಪೂರ್ಣವಾಗಿ ಚಲಿಸಿಯೂ ಕ್ಲಚ್ಚು ಬಿಡದಿದ್ದರೆ ದೋಷ ಒಳಗಿದೆ. ಕಡಲ ಕರೆಯಲ್ಲಿ ನಿಂತಿದ್ದ ಗಾಡಿಯಾದರೆ ಮೊದಲ ಊಹೆ ತುಕ್ಕು. ಫ್ಲೈವೀಲೂ ಪ್ರೆಶರ್ ಪ್ಲೇಟೂ ಎರಕದ ಕಬ್ಬಿಣ. ಅವುಗಳಿಗೆ ಅಂಟಿಕೊಂಡಿರುವ ಹೊದಿಕೆಯೋ ಸಣ್ಣ ರಂಧ್ರಗಳುಳ್ಳದ್ದು. ಉಪ್ಪು ಬೆರೆತ ತೇವ ಅಲ್ಲಿ ನಿಂತು, ಕಬ್ಬಿಣ ತುಕ್ಕಾಗಿ ಉಬ್ಬಿ, ಆ ರಂಧ್ರಗಳೊಳಗೆ ಬೇರಿಳಿಸುತ್ತದೆ. ಸ್ಪ್ರಿಂಗಿನ ಒತ್ತಡವನ್ನು ತೆಗೆದರೂ ಪ್ಲೇಟು ಬೆಸೆದಂತೆ ನಿಲ್ಲುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಮುಂಗಾಲಿಗಳಿಗೆ ದಿಮ್ಮಿಯಿಟ್ಟು, ಹಿಂದಿನ ಅಚ್ಚನ್ನು ಜಾಕಿನಿಂದ ಎತ್ತಿ ಭದ್ರವಾದ ಆಸರೆಗಳ ಮೇಲೆ ಕೂಡಿಸಿ, ಎಂಜಿನ್ನು ನಿಂತಿರುವಂತೆಯೇ ಗೇರು ಹಾಕಿ, ಕೈಬ್ರೇಕನ್ನು ಬಿಟ್ಟು, ಪೆಡಲನ್ನು ತುಳಿದಾಗ ಪ್ರೊಪೆಲ್ಲರ್ ಶಾಫ್ಟು ಕೈಗೆ ತಿರುಗುವುದೇ ಎಂದು ನೋಡಬೇಕು. ಕೊಂಚ ಬಿಗಿಯಾಗಿಯಾದರೂ ತಿರುಗಿದರೆ, ದಂಡದ ತುದಿಯನ್ನು ಹೊರುವ ಪೈಲಟ್ ಬೇರಿಂಗು ಕಚ್ಚಿರಬಹುದು ಅಥವಾ ಪ್ಲೇಟು ಸೊಟ್ಟಗಾಗಿರಬಹುದು. ಜಗ್ಗದೆ ನಿಂತರೆ ತುಕ್ಕಿನ ಹಿಡಿತವೇ ಸರಿ. ಜಾಕೊಂದನ್ನೇ ನಂಬಿ ಲಾರಿಯ ಕೆಳಗೆ ಯಾರೂ ತೂರಬಾರದು.

ತುಕ್ಕನ್ನು ಬಿಡಿಸಲು ಸಂದಿಗೆ ಎಣ್ಣೆ ಹೊಯ್ಯುವವರಿದ್ದಾರೆ. ಇದು ಸಲ್ಲದು. ಎಣ್ಣೆ ಕುಡಿದ ಹೊದಿಕೆ ಮತ್ತೆ ಹಿಡಿಯುವುದಿಲ್ಲ. ಬಿಡದ ಕ್ಲಚ್ಚಿಗೆ ಬದಲಾಗಿ ಜಾರುವ ಕ್ಲಚ್ಚು ದೊರೆಯುತ್ತದೆ. ಸೌಮ್ಯವಾದ ಉಪಾಯವೆಂದರೆ, ಗಾಡಿಯನ್ನು ಬಯಲಿಗೆ ತಳ್ಳಿಸಿ, ಗೇರಿಲ್ಲದೆ ಎಂಜಿನ್ನನ್ನು ಓಡಿಸಿ ಚೆನ್ನಾಗಿ ಕಾಯಿಸುವುದು. ಅನಂತರ ನಿಲ್ಲಿಸಿ, ಪೆಡಲನ್ನು ಮರದ ತುಂಡಿನಿಂದ ಒತ್ತಿಹಿಡಿಸಿ ಒಂದು ರಾತ್ರಿ ಬಿಡುವುದು. ಎರಡು ಮೂರು ಬಾರಿ ಹೀಗೆ ಮಾಡಿದರೆ ಬಿಟ್ಟುಕೊಳ್ಳುವುದುಂಟು.

ಬಿಡದಿದ್ದರೆ ಚಾಲಕರು ಬಲ್ಲ ಒರಟು ಉಪಾಯವೊಂದಿದೆ. ಎಂಜಿನ್ನನ್ನು ಕಾಯಿಸಿ ನಿಲ್ಲಿಸಿ, ಕೆಳಗಿನ ಗೇರು ಹಾಕಿ, ಗೇರಿನಲ್ಲಿಯೇ ಸ್ಟಾರ್ಟರಿನಿಂದ ಹೊರಡಿಸುವುದು; ಪೆಡಲನ್ನು ಒತ್ತಿಹಿಡಿದು ಚಲಿಸುತ್ತ ಎಂಜಿನ್ನಿನ ವೇಗವನ್ನು ಥಟ್ಟನೆ ಏರಿಸಿ ಇಳಿಸುವುದು. ಆ ಜಗ್ಗಾಟಕ್ಕೆ ತುಕ್ಕು ಹರಿಯುತ್ತದೆ. ಆದರೆ ಕೀಲಿ ತಿರುಗಿಸಿದ ಕ್ಷಣವೇ ಲಾರಿ ಮುನ್ನುಗ್ಗುತ್ತದೆ, ಪೆಡಲು ಅದನ್ನು ತಡೆಯಲಾರದು ಎಂಬುದನ್ನು ಮರೆಯಕೂಡದು. ಕೊಟ್ಟಿಗೆಯಲ್ಲಿ ಗೋಡೆಯ ಎದುರಿಗೆ ಇದನ್ನು ಮಾಡಿದರೆ ನಡುವೆ ನಿಂತ ಮನುಷ್ಯನ ಗತಿಯೇನು? ಉದ್ದವಾದ, ಸಮನಾದ, ಜನರಿಲ್ಲದ ಬಯಲು ಬೇಕು. ಹೆದ್ದಾರಿ ಇದಕ್ಕೆ ಸ್ಥಳವಲ್ಲ. ಬ್ರೇಕು ಸರಿಯಿರಬೇಕು, ಗಾಳಿಯ ಬ್ರೇಕಾದರೆ ತೊಟ್ಟಿಯಲ್ಲಿ ಒತ್ತಡ ತುಂಬಿದ ಮೇಲೆಯೇ ಕೈ ಹಾಕಬೇಕು. ಡೀಸೆಲ್ ಎಂಜಿನ್ನನ್ನು ನಿಲ್ಲಿಸುವ ಎಳೆತಂತಿ ಕೆಲಸ ಮಾಡುತ್ತದೆಂಬುದನ್ನು ಮುಂಚೆಯೇ ನೋಡಿಕೊಂಡಿರಬೇಕು. ನಾಲ್ಕಾರು ಜಗ್ಗಿಗೆ ಬಿಡದಿದ್ದರೆ ಹಟ ಮಾಡದೆ ಗೇರ್ ಬಾಕ್ಸನ್ನು ಇಳಿಸುವುದೇ ಲೇಸು. ಹೆಚ್ಚು ಜಗ್ಗಿದರೆ ಪ್ಲೇಟಿನ ಹೊದಿಕೆ ಕಿತ್ತುಬರುತ್ತದೆ.

ಇಳಿಸಿದಾಗ ಕಾಣುವ ಬೂದುಬಣ್ಣದ ಧೂಳನ್ನು ಬಾಯಿಂದಾಗಲಿ ಗಾಳಿಯ ಯಂತ್ರದಿಂದಾಗಲಿ ಊದಬಾರದು. ಹಳೆಯ ಹೊದಿಕೆಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಸೂಕ್ಷ್ಮವಾದ ಎಳೆಗಳು ಶ್ವಾಸಕೋಶವನ್ನು ಸೇರಿ ಹಲವು ವರ್ಷಗಳ ಮೇಲೆ ಕ್ಯಾನ್ಸರನ್ನು ತರಬಲ್ಲವು. ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ತೆಗೆಯುವುದು ಕ್ಷೇಮ.

ಮುಂದಿನ ಮಳೆಗಾಲಕ್ಕೆ ಮಾಡಬೇಕಾದದ್ದು ಅಲ್ಪವೇ. ಕೆಲವು ಟ್ರಾಕ್ಟರುಗಳಲ್ಲಿ ಕ್ಲಚ್ಚಿನ ಪೆಡಲನ್ನು ಒತ್ತಿಟ್ಟು ಸಿಕ್ಕಿಸುವ ಕೊಂಡಿಯೇ ಇರುತ್ತದೆ. ಲಾರಿಯಲ್ಲಿ ಪೆಡಲಿಗೂ ಆಸನದ ಅಡಿಗೂ ನಡುವೆ ಅಳತೆಗೆ ಕೊಯ್ದ ಮರದ ತುಂಡನ್ನು ಕೊಟ್ಟರೆ ಅದೇ ಕೆಲಸವಾಗುತ್ತದೆ. ಪ್ಲೇಟು ಎರಡು ಕಡೆಯಿಂದಲೂ ತೆರಪಾಗಿ ನಿಲ್ಲುತ್ತದೆ. ದ್ರವದ ಏರ್ಪಾಡಿನಲ್ಲಿ ಒತ್ತಡ ಮೆಲ್ಲನೆ ಇಳಿದುಹೋಗಬಹುದಾದ ಕಾರಣ ವಾರಕ್ಕೊಮ್ಮೆ ನೋಡಿ ಮತ್ತೆ ಒತ್ತಬೇಕು. ಗಾಲಿಗಳಿಗೆ ದಿಮ್ಮಿಯಂತೂ ಇರಲೇಬೇಕು, ಏಕೆಂದರೆ ಕ್ಲಚ್ಚು ಬಿಟ್ಟಿರುವಾಗ ಗೇರಿನಲ್ಲಿಟ್ಟ ಲಾರಿಯೂ ಉರುಳಬಲ್ಲದು. ಮರದ ತುಂಡಿಗೆ ಒಂದು ಕೆಂಪು ಬಟ್ಟೆಯನ್ನು ಕಟ್ಟಿ ಸ್ಟಿಯರಿಂಗಿನಿಂದ ಇಳಿಬಿಟ್ಟರೆ, ಬೇರೆ ಯಾರಾದರೂ ಕೀಲಿ ಹಾಕಲು ಬಂದಾಗ ಅದು ಮೊದಲು ಕಣ್ಣಿಗೆ ಬೀಳುತ್ತದೆ.