ಹಾಡಿನ ಲೆಕ್ಕ ಯಾರ ಪುಸ್ತಕದಲ್ಲಿ?

2017ರಲ್ಲಿ ಎಸ್‌ಪಿಬಿ ಅಮೆರಿಕ ಪ್ರವಾಸದಲ್ಲಿದ್ದಾಗ ಇಳಯರಾಜ ಅವರ ಕಡೆಯಿಂದ ನೋಟಿಸ್ ಹೋಯಿತು: ಅನುಮತಿ ಪಡೆಯದೆ ತಮ್ಮ ಹಾಡುಗಳನ್ನು ವೇದಿಕೆಯಲ್ಲಿ ಹಾಡುವಂತಿಲ್ಲ. ಹಾಡು ಯಾರದು ಎಂಬ ಜಗಳ ಚೆನ್ನೈಗೆ ಹೊಸದೇನಲ್ಲ. 2012ರ ತಿದ್ದುಪಡಿಯ ನಂತರ ಗೀತರಚನೆಕಾರರೂ ಸಂಗೀತ ಸಂಯೋಜಕರೂ ರಾಯಲ್ಟಿ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಆದರೆ ಸ್ವಂತವಾಗಿ ಹಾಡು ಬಿಡುಗಡೆ ಮಾಡುವ ಹುಡುಗರಿಗೆ ಹಾಡು ಎಷ್ಟು ಓಡಿತು, ಎಷ್ಟು ದುಡ್ಡು ಬರಬೇಕು ಎಂಬ ಲೆಕ್ಕ ಇವತ್ತಿಗೂ ಬೇರೆಯವರ ಕೈಯಲ್ಲೇ ಇದೆ.

ಬ್ಲಾಕ್‌ಚೈನ್ ಎಂದರೆ ಹಲವರ ಬಳಿ ಪ್ರತಿ ಇರುವ ಲೆಕ್ಕದ ಪುಸ್ತಕ. ಒಬ್ಬರೇ ಗುಟ್ಟಾಗಿ ತಿದ್ದಲಾಗದು. 2015ರಲ್ಲಿ ಬ್ರಿಟನ್ನಿನ ಗಾಯಕಿ ಇಮೋಜೆನ್ ಹೀಪ್ ‘ಟೈನಿ ಹ್ಯೂಮನ್’ ಹಾಡನ್ನು ಇಥೀರಿಯಂ ಮೇಲೆ ಮಾರಿದರು. ಕೊಂಡವರ ಹಣ ವಾದ್ಯದವರಿಗೂ ತಾನಾಗಿಯೇ ಪಾಲಾಗಿ ಹೋಗುವ ಏರ್ಪಾಡು. ಆದರೆ ಕೊಳ್ಳಲು ಈಥರ್ ಬೇಕಿತ್ತು, ಹಾಗಾಗಿ ಕೊಂಡವರು ಕೆಲವೇ ಮಂದಿ. 2023ರಲ್ಲಿ ನಮ್ಮ ಎ.ಆರ್. ರೆಹಮಾನ್ ಕೂಡ ‘ಕಟ್ರಾರ್’ ಎಂಬ ಬ್ಲಾಕ್‌ಚೈನ್ ವೇದಿಕೆ ಘೋಷಿಸಿದರು.

ಡೇಟಾಬೇಸ್ ಜೊತೆ ಬದುಕುವ ನನಗೆ ಒಂದೇ ಅನುಮಾನ. ಮೊದಲ ನಮೂದೇ ತಪ್ಪಿದ್ದರೆ ಬ್ಲಾಕ್‌ಚೈನ್ ಆ ತಪ್ಪನ್ನೇ ಭದ್ರವಾಗಿ ಕಾಯುತ್ತದೆ. ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ಎಷ್ಟೋ ಹಳೆಯ ಕನ್ನಡ ಹಾಡುಗಳಿಗೆ ಪಿಟೀಲು ನುಡಿಸಿದವರು ಅಂದಿನ ಸಂಭಾವನೆ ಪಡೆದು ಮನೆಗೆ ಹೋದರು. ರೆಕಾರ್ಡಿನ ಲಕೋಟೆಯ ಮೇಲೂ ಅವರ ಹೆಸರಿಲ್ಲ. ಇನ್ನು ಬ್ಲಾಕ್‌ಚೈನ್‌ಗೆ ಯಾವ ಹೆಸರು ಹಾಕುವುದು?