ಜೀಪಿನ ಸ್ಪ್ರಿಂಗು ಮತ್ತು ಅದರ ಎತ್ತರ

ಗಾಡಿಗೆ ಚಕ್ರವೆಷ್ಟು ಮುಖ್ಯವೋ ಸ್ಪ್ರಿಂಗೂ ಅಷ್ಟೇ ಮುಖ್ಯ. ಬಸವಕಲ್ಯಾಣ, ಹುಮನಾಬಾದ ಭಾಗದವರಾದ ನಮಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ. ಪುಣೆ-ಹೈದರಾಬಾದ ಹೆದ್ದಾರಿಯನ್ನು ಬಿಟ್ಟು ಹೊಲದ ದಾರಿಗೆ ಇಳಿದರೆ ಒಂದೆಡೆ ಜಂಬಿಟ್ಟಿಗೆಯ ಕೆಂಪು ನೆಲ. ಇನ್ನೊಂದೆಡೆ ಮಳೆಗಾಲದಲ್ಲಿ ಚಕ್ರವನ್ನು ಹಿಡಿದು ಬಿಡದ ಎರೆಮಣ್ಣು. ಜೀಪನ್ನು ಇನ್ನಷ್ಟು ಎತ್ತರಿಸಬೇಕೆಂಬ ಆಸೆ ತರುಣರಲ್ಲಿ ಹುಟ್ಟುವುದು ಸಹಜ. ಆದರೆ ಅರಿಯದೆ ಎತ್ತರಿಸಿದರೆ ಹಣದೊಡನೆ ಪ್ರಾಣಕ್ಕೂ ಅಪಾಯವುಂಟು. ಆದ್ದರಿಂದ ಕಲಾವಿಭಾಗದವರಾದ ನಾವೂ ಈ ವಿಷಯವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

೧೯೪೭ರಲ್ಲಿ ಮಹೀಂದ್ರ ಕಂಪನಿಯು ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಅವುಗಳ ನಾಲ್ಕೂ ಚಕ್ರಗಳಿಗೆ ಇದ್ದುದು ಕಮಾನುಪಟ್ಟಿ. ೨೦೨೦ರಲ್ಲಿ ಬಂದ ಹೊಸ ಥಾರ್ ಗಾಡಿಗೆ ನಾಲ್ಕೂ ಕಡೆ ಸುರುಳಿ ಸ್ಪ್ರಿಂಗು.

ಹೊರೆ ಹೆಚ್ಚಿದಷ್ಟೂ ಸ್ಪ್ರಿಂಗು ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ೧೬೭೮ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮವಿದು. ಒಂದು ಸ್ಪ್ರಿಂಗು ೪೦ ಕಿಲೋ ಭಾರಕ್ಕೆ ಒಂದು ಸೆಂಟಿಮೀಟರ್ ಕುಗ್ಗುವುದೆನ್ನೋಣ. ಅದರ ಮೇಲೆ ೪೦೦ ಕಿಲೋ ಕುಳಿತರೆ ೧೦ ಸೆಂ.ಮೀ. ಕುಗ್ಗುವುದು. ಹಿಂದಿನ ಅಚ್ಚಿನ ಮೇಲೆ ೫೦ ಕಿಲೋದ ನಾಲ್ಕು ಗೊಬ್ಬರದ ಚೀಲ ಹೇರಿದರೆ, ಒಂದೊಂದು ಸ್ಪ್ರಿಂಗಿಗೆ ನೂರು ಕಿಲೋದಂತೆ, ಇನ್ನೂ ಎರಡೂವರೆ ಸೆಂ.ಮೀ. ಇಳಿಯುವುದು. ಅಷ್ಟೇ ಉದ್ದದ, ೫೦ ಕಿಲೋ ಬಿರುಸಿನ ಸ್ಪ್ರಿಂಗು ಹಾಕಿದರೆ ಖಾಲಿ ಗಾಡಿ ೨ ಸೆಂ.ಮೀ. ಮೇಲೇಳುತ್ತದೆ, ಆದರೆ ಹೊರೆಯಿಲ್ಲದಾಗ ಕುಲುಕಾಟ ಹೆಚ್ಚು. ಆದುದರಿಂದ ನಿತ್ಯದ ಹೊರೆಯನ್ನು ನೋಡಿ ಬಿರುಸನ್ನೂ, ಬೇಕಾದ ಎತ್ತರವನ್ನು ನೋಡಿ ಉದ್ದವನ್ನೂ ಆರಿಸಬೇಕು.

ತಂತಿಯ ದಪ್ಪವನ್ನು ಕಣ್ಣಳತೆಯಿಂದ ನಿರ್ಣಯಿಸಲಾಗದು. ಸುರುಳಿಯ ಅಗಲವೂ ಸುತ್ತುಗಳೂ ಅಷ್ಟೇ ಇದ್ದು, ತಂತಿಯ ದಪ್ಪ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಬಿರುಸು ಸುಮಾರು ಶೇಕಡಾ ೪೬ರಷ್ಟು ಏರುತ್ತದೆ. ದಪ್ಪ ಇಮ್ಮಡಿಯಾದರೆ ಬಿರುಸು ಹದಿನಾರು ಪಟ್ಟು! ಸುತ್ತುಗಳನ್ನು ಕತ್ತರಿಸಿದರೆ ಉಳಿದ ಸ್ಪ್ರಿಂಗು ಇನ್ನೂ ಬಿರುಸಾಗುವುದು.

ಇನ್ನು ಎತ್ತರದ ಮಾತು. ಇಡಿಯಾದ ಅಚ್ಚುಳ್ಳ ಗಾಡಿಯಲ್ಲಿ ಸ್ಪ್ರಿಂಗು ಎತ್ತುವುದು ಮೈಯನ್ನು ಮಾತ್ರ. ಅಚ್ಚಿನ ನಡುವಣ ಡಿಫರೆನ್ಷಿಯಲ್ ಡಬ್ಬಿ ನೆಲದಿಂದ ಮೊದಲಿನಷ್ಟೇ ಎತ್ತರದಲ್ಲಿರುತ್ತದೆ. ಕಲ್ಲಿಗೆ ತಾಗುವುದು ಹೆಚ್ಚಾಗಿ ಅದೇ. ಅದನ್ನು ಎತ್ತಬಲ್ಲದ್ದು ದೊಡ್ಡ ಟಯರು; ಅದೂ ವ್ಯಾಸ ಹೆಚ್ಚಿದುದರ ಅರ್ಧದಷ್ಟು ಮಾತ್ರ.

ಮೈ ಎತ್ತರವಾದಂತೆ ಗುರುತ್ವಕೇಂದ್ರವೂ ಮೇಲೇರುತ್ತದೆ. ಎಡಬಲ ಚಕ್ರಗಳ ನಡುವೆ ೧೫೦ ಸೆಂ.ಮೀ. ಅಂತರವಿದ್ದು, ಗುರುತ್ವಕೇಂದ್ರ ೭೦ ಸೆಂ.ಮೀ. ಎತ್ತರದಲ್ಲಿದ್ದರೆ, ಗಾಡಿ ಸುಮಾರು ೪೭ ಡಿಗ್ರಿ ಓರೆಯಾಗುವವರೆಗೆ ಉರುಳದು. ಕೇಂದ್ರ ೭೫ಕ್ಕೇರಿದರೆ ೪೫ ಡಿಗ್ರಿಗೇ ಉರುಳುವುದು. ಇದು ನಿಂತ ಗಾಡಿಯ ಲೆಕ್ಕ. ಓಡುವ ಗಾಡಿ ತಿರುವಿನಲ್ಲಿ ಇದಕ್ಕಿಂತ ಬಹು ಮೊದಲೇ ಉರುಳಬಹುದು. ಒಳಗೆ ಕುಳಿತವರು ನಮ್ಮ ತಂದೆತಾಯಿಗಳೂ, ಕೂಲಿಗೆ ಹೊರಟ ಬಡವರೂ ಆಗಿರುವರೆಂಬುದನ್ನು ಮರೆಯಬಾರದು.

ಎತ್ತರಿಸಿದ ಮೇಲೆ ಶಾಕ್ ಅಬ್ಸಾರ್ಬರಿನ ಉದ್ದ, ಬ್ರೇಕಿನ ಕೊಳವೆ, ಪ್ರೊಪೆಲರ್ ಶಾಫ್ಟಿನ ಓರೆ ಇವೆಲ್ಲವನ್ನೂ ಬಲ್ಲ ಮಿಸ್ತ್ರಿಯಿಂದ ಪರೀಕ್ಷಿಸಬೇಕು. ೧೯೮೮ರ ಮೋಟಾರು ವಾಹನ ಕಾಯದೆಯ ೫೨ನೆಯ ಕಲಮೂ ಇದೆ: ನೋಂದಣಿಯ ವಿವರಗಳು ತಯಾರಕನು ಕೊಟ್ಟುದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಹೀಗಾಗಿ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಗ್ಯಾರೇಜಿಗೆ ಹೋಗುವುದು ಲೇಸು.

ಮೊದಲು ಹೊರೆಯನ್ನು ತೂಗಿರಿ, ದಾರಿಯನ್ನು ನೋಡಿರಿ. ಅಗತ್ಯಕ್ಕಿಂತ ಒಂದು ಬೆರಳೂ ಹೆಚ್ಚು ಎತ್ತದಿರಿ. ಜೀಪಿನ ಅಂದ ಅದರ ಎತ್ತರದಲ್ಲಿಲ್ಲ. ಹೋದವರನ್ನು ಕ್ಷೇಮವಾಗಿ ಮನೆಗೆ ಮುಟ್ಟಿಸುವುದರಲ್ಲಿದೆ.