ತಿಪ್ಪೆ ಕೆದಕುವ ಕೋಳಿಗೆ ಸಿಗುತ್ತಿದ್ದದ್ದು

ಹಿತ್ತಲ ಕೋಳಿಯನ್ನು ಗಮನಿಸಿ. ಎಷ್ಟೇ ಕಾಳು ಚೆಲ್ಲಿ, ಹೆಕ್ಕಿ ಮುಗಿಸಿ ಮತ್ತೆ ತಿಪ್ಪೆಗೇ ಓಡುತ್ತದೆ. ಕಾಲಿನಿಂದ ಪರಪರ ಕೆದಕಿ, ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿ, ಟಕ್ಕನೆ ಕುಕ್ಕುತ್ತದೆ. ಅಲ್ಲಿ ಅದಕ್ಕೆ ಸಿಗುವುದು ಬರೀ ಹುಳುವಲ್ಲ ಎಂದು ವಿಜ್ಞಾನಕ್ಕೆ ತಿಳಿದದ್ದು 1940ರ ದಶಕದಲ್ಲಿ.

ಎರಡನೇ ಮಹಾಯುದ್ಧದ ಕಾಲ. ಅಮೆರಿಕದಲ್ಲಿ ಕೋಳಿ ಆಹಾರಕ್ಕೆ ಬೆರೆಸುತ್ತಿದ್ದ ಮೀನಿನ ಪುಡಿ, ಮಾಂಸದ ಪುಡಿಗೆ ಅಭಾವ ಬಂತು. ಬದಲಿಗೆ ಸೋಯಾ ಹಿಂಡಿ ಬಂತು. ಪ್ರೋಟೀನ್ ಸಾಕಷ್ಟಿತ್ತು. ಆದರೂ ಮೊಟ್ಟೆಯೊಡೆದು ಬರುವ ಮರಿಗಳು ಕಡಿಮೆಯಾದವು, ಬಂದವೂ ಸೊರಗಿದವು. ಮೀನಿನ ಪುಡಿ ಒಂದಿಷ್ಟು ಸೇರಿಸಿದರೆ ಚೇತರಿಕೆ. ಕಾಣದ ಆ ವಸ್ತುವಿಗೆ ‘ಪ್ರಾಣಿಜನ್ಯ ಪ್ರೋಟೀನ್ ಅಂಶ’ ಎಂದು ಹೆಸರಿಟ್ಟು ಹುಡುಕತೊಡಗಿದರು. ಮೇರಿಲ್ಯಾಂಡ್ ರಾಜ್ಯದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದವರಿಗೆ ಅದು ಸಿಕ್ಕಿದ್ದು ದನದ ಸಗಣಿಯಲ್ಲಿ! ಸಗಣಿ ಬೆರೆಸಿದ ಸೋಯಾ ಆಹಾರ ತಿಂದ ಮರಿಗಳು ಚೆನ್ನಾಗಿ ಬೆಳೆದವು.

ಇದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

ಅದೇ ಬೆಲ್ಟ್ಸ್‌ವಿಲ್‌ನಲ್ಲಿ ಮೇರಿ ಶಾರ್ಬ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಹಾಲು ಹುಳಿಸುವ ಒಂದು ಬ್ಯಾಕ್ಟೀರಿಯಾ ಬೆಳೆಸುತ್ತಿದ್ದರು. ಪಿತ್ತಜನಕಾಂಗದ ಸಾರ ಹಾಕದೆ ಅದು ಬೆಳೆಯುತ್ತಿರಲಿಲ್ಲ. ಮಾರಕ ರಕ್ತಹೀನತೆಯ ರೋಗಿಗಳನ್ನು ಆಗ ಬದುಕಿಸುತ್ತಿದ್ದ ಔಷಧಿಯೂ ಅದೇ ಸಾರ. ಎರಡೂ ಕಡೆ ಕೆಲಸ ಮಾಡುತ್ತಿರುವುದು ಒಂದೇ ವಸ್ತುವಿರಬೇಕು ಎಂದು ಆಕೆಗೆ ಹೊಳೆಯಿತು. ಯುದ್ಧ ಮುಗಿದು ಆ ಕೆಲಸ ಹೋದರೂ ಯೋಚನೆ ಬಿಡಲಿಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕೋಳಿ ಸಾಕಣೆ ವಿಭಾಗದಲ್ಲಿ ಜಾಗ ಸಿಕ್ಕಿತು. ಔಷಧ ತಯಾರಿಸುವ ಮರ್ಕ್ ಕಂಪನಿ ಕೊಟ್ಟ ಹಣ ಬರೀ 400 ಡಾಲರ್.

ಅದುವರೆಗೆ ಸಾರದಲ್ಲಿ ಸತ್ವವಿದೆಯೇ ಎಂದು ನೋಡಲು ರೋಗಿಯೇ ಬೇಕಿತ್ತು. ಶಾರ್ಬ್ ವಿಧಾನದಲ್ಲಿ ಗಾಜಿನ ನಳಿಕೆಯೊಳಗೆ ಬ್ಯಾಕ್ಟೀರಿಯಾ ಬೆಳೆದು ದ್ರವ ಕದಡಿದರೆ ಉತ್ತರ ಸಿಕ್ಕಂತೆ. ಆ ದಾರಿ ಹಿಡಿದ ಮರ್ಕ್ ವಿಜ್ಞಾನಿಗಳು 1948ರಲ್ಲಿ ಕೆಂಪು ಹರಳುಗಳನ್ನು ಬೇರ್ಪಡಿಸಿದರು: ವಿಟಮಿನ್ ಬಿ12. ಇಂಗ್ಲೆಂಡಿನಲ್ಲಿ ಲೆಸ್ಟರ್ ಸ್ಮಿತ್ ಎಂಬ ವಿಜ್ಞಾನಿ ಕೂಡ ಅದೇ ವರ್ಷ ಅಲ್ಲಿಗೆ ತಲುಪಿದ್ದರು. ಕೋಳಿಮರಿಗಳಿಗೆ ತಿನ್ನಿಸಿದಾಗಲೂ ಬಿ12 ಫಲ ಕೊಟ್ಟಿತು; ಸಗಣಿಯಲ್ಲಿ ಸಿಕ್ಕಿದ್ದ ಅಂಶವೂ ಇದೇ ಎಂದಾಯಿತು. ಹರಳಿನ ಕೀರ್ತಿ ಕಂಪನಿಗೆ ಹೋಯಿತು. ನನ್ನ ಮಟ್ಟಿಗೆ ಇದು ಮೊದಲು ಶಾರ್ಬ್ ಅವರ ಆವಿಷ್ಕಾರ.

ಬಿ12 ತಯಾರಿಸುವುದು ಸೂಕ್ಷ್ಮಜೀವಿಗಳು ಮಾತ್ರ. ಗಿಡಗಳಿಗೆ ಆ ಶಕ್ತಿಯಿಲ್ಲ. ದನದ ಹೊಟ್ಟೆಯಲ್ಲಿ ಹುಟ್ಟಿ, ಸಗಣಿಯ ಮೂಲಕ ತಿಪ್ಪೆಗೆ ಬಂದು, ಅಲ್ಲಿಂದ ಕೋಳಿಯ ಕೊಕ್ಕಿಗೆ ಸೇರುತ್ತಿತ್ತು. ಇಂದಿನ ಬ್ರಾಯ್ಲರ್ ಮರಿ ತಿಪ್ಪೆಯನ್ನೇ ಕಂಡಿಲ್ಲ. ಅದಕ್ಕೆ ಬೇಕಾಗುವ ಬಿ12 ಕಿಲೋ ಆಹಾರಕ್ಕೆ 10 ಮೈಕ್ರೋಗ್ರಾಂ. ಅಂದರೆ ನೂರು ಟನ್ನಿಗೆ ಒಂದು ಗ್ರಾಂ.

ಸೋಯಾ ದುಬಾರಿಯಾಯಿತೆಂದು ಸೂರ್ಯಕಾಂತಿ ಹಿಂಡಿ, ಅಜೋಲ್ಲ, ನುಗ್ಗೆಸೊಪ್ಪು ಬೆರೆಸಿ ನೋಡುವ ರೈತರಲ್ಲಿ ಒಂದು ವಿನಂತಿ: ಹಿಂಡಿ ಯಾವುದನ್ನಾದರೂ ಬದಲಿಸಿ, ಬಿ12 ಇರುವ ವಿಟಮಿನ್ ಮಿಶ್ರಣವನ್ನು ಮಾತ್ರ ಬಿಡಬೇಡಿ.